ಅಪ್‌ಡೇಟ್: ಹಾಸನದ ಡಿಟಿಪಿ ಅಂಗಡಿಯಲ್ಲಿ ತೆರೆಯದ ವರ್ಡ್ ಫೈಲ್ ಸರಿಯಾಯಿತು

ವರ್ಡ್ 2019ರ ಫೈಲು ಅಂಗಡಿಯ ವರ್ಡ್ 2003ರಲ್ಲಿ ತೆರೆಯುತ್ತಿಲ್ಲ, ಕನ್ನಡವೂ ಕೆಡುತ್ತದೆ ಎಂದು ಕೇಳಿದ್ದೆ. ಇದ್ದದ್ದು ಎರಡು ಬೇರೆ ಬೇರೆ ತೊಂದರೆ.

ವರ್ಡ್ 2007ರಿಂದೀಚೆಗೆ ಫೈಲು ಡಾಕ್ಸ್ (.docx) ಎಂಬ ಹೊಸ ರೂಪದಲ್ಲಿ ಉಳಿಯುತ್ತದೆ. 2003ಕ್ಕೆ ಅದು ಅರ್ಥವಾಗದು. ‘ಸೇವ್ ಆ್ಯಸ್’ನಲ್ಲಿ ‘ವರ್ಡ್ 97-2003 ಡಾಕ್ಯುಮೆಂಟ್’ ಆರಿಸಿದೆ, ತೆರೆಯಿತು. ಗಣಿತದ ಸಮೀಕರಣಗಳು ಇದರಲ್ಲಿ ಬರೀ ಚಿತ್ರಗಳಾಗುತ್ತವೆ, ಹಾಗಾಗಿ ಮೂಲ ಡಾಕ್ಸ್ ಫೈಲನ್ನು ದಯವಿಟ್ಟು ಅಳಿಸಬೇಡಿ.

ಹೆಚ್ಚು ಕಾಡಿದ್ದು ಕನ್ನಡವೇ. ಪಠ್ಯವಿದ್ದದ್ದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಅಂದರೆ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡವಾಗಿ ತೋರಿಸುವುದು ಆ ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ಅವೇ ಬೆತ್ತಲಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ವ್ಯವಸ್ಥೆ) ಬದಲಿಸಿ, ವಿಂಡೋಸ್‌ನ ಕನ್ನಡ ಫಾಂಟ್ ತುಂಗಾ ಕೊಟ್ಟೆ. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅವನ್ನೂ ಅರ್ಕಾವತ್ತನ್ನೂ ಸಾಲುಸಾಲಾಗಿ ನೋಡಲೇಬೇಕು. ಬರೀ ಮುದ್ರಣಕ್ಕಾದರೆ ಪಿಡಿಎಫ್ ಕೊಡಿ.