ಪೆಂಟಗನ್ ಗುತ್ತಿಗೆಯಲ್ಲಿ ಸುಳ್ಳು ಸೈಬರ್ ಅಂಕ: ದೂರು ಯಾರಿಗೆ, ಹೇಗೆ?

ಪ್ರಶ್ನೆ: ಅಮೆರಿಕದ ರಕ್ಷಣಾ ಇಲಾಖೆಗೆ ಬಿಡಿಭಾಗ ಮಾಡಿಕೊಡುವ ಉಪಗುತ್ತಿಗೆ ಕಂಪನಿಯೊಂದರಲ್ಲಿ ಐಟಿ ಕೆಲಸ ನನ್ನದು. ಗುತ್ತಿಗೆದಾರರು ತಮ್ಮ ಅಂಕ ದಾಖಲಿಸುವ ಇಲಾಖೆಯ ಎಸ್‌ಪಿಆರ್‌ಎಸ್ ಪೋರ್ಟಲ್‌ನಲ್ಲಿ ನಮ್ಮ ಭದ್ರತಾ ಅಂಕ 110ಕ್ಕೆ 110 ಎಂದು ತುಂಬಿದ್ದಾರೆ. ವಾಸ್ತವದಲ್ಲಿ ಎರಡು ಹಂತದ ಲಾಗಿನ್ ಇರುವುದು ಅಡ್ಮಿನ್‌ಗಳಿಗೆ ಮತ್ತು ಹೊರಗಿನಿಂದ ಲಾಗಿನ್ ಆಗುವವರಿಗೆ ಮಾತ್ರ. ಉಳಿದವರಿಗೆ ಬರೀ ಪಾಸ್‌ವರ್ಡ್. ಇದು ವಂಚನೆಯಾ? ಜಿಎಒಗೆ ಬರೆಯಲಾ? ನಾನು ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ.

ಉತ್ತರ (ಗುತ್ತಿಗೆ ಲೆಕ್ಕಪರಿಶೋಧಕರು): ಮೊದಲು ಲೆಕ್ಕ ನೋಡಿ ಸರ್. ನಿಸ್ಟ್ 800-171 ಎಂಬ ಅಮೆರಿಕದ ಸೈಬರ್ ಭದ್ರತಾ ಮಾನದಂಡದ 110 ನಿಯಮಗಳಲ್ಲಿ ಪಾಲಿಸದ ಪ್ರತಿಯೊಂದಕ್ಕೂ 5, 3 ಅಥವಾ 1 ಕಳೆಯುತ್ತಾರೆ. ಏನೂ ಮಾಡದವರ ಅಂಕ ಮೈನಸ್ 203ಕ್ಕೆ ಇಳಿಯುತ್ತದೆ. ಎರಡು ಹಂತದ ಲಾಗಿನ್ ನಿಯಮ 3.5.3. ಯಾರಿಗೂ ಇಲ್ಲದಿದ್ದರೆ 5 ಹೋಗುತ್ತದೆ, ನಿಮ್ಮಲ್ಲಿರುವಂತೆ ಅರ್ಧಂಬರ್ಧ ಇದ್ದರೆ 3. "ಮುಂದಿನ ತಿಂಗಳು ಹಾಕಿಸ್ತೀವಿ" ಅನ್ನುವ ಯೋಜನೆಗೆ ಅಂಕವಿಲ್ಲ. ಅಂದರೆ ಬೇರೆಲ್ಲ ಸರಿಯಿದ್ದರೂ 107.

107 ಎಂದು ಬರೆಯುವುದು ಅಪರಾಧವಲ್ಲ. ಗೊತ್ತಿದ್ದೂ, ಅಥವಾ ನೋಡುವ ಗೋಜಿಗೇ ಹೋಗದೆ, 110 ಎಂದು ಬರೆದು ಬಿಲ್ಲಿನ ಹಣ ಪಡೆದರೆ ಅದು 1863ರ ಸುಳ್ಳು ಕ್ಲೇಮು ಕಾಯ್ದೆಗೆ ಸಿಗುತ್ತದೆ. ನಷ್ಟದ ಮೂರು ಪಟ್ಟು ವಸೂಲಿ, ಮೇಲೆ ದಂಡ. ಸೈಬರ್ ಸುಳ್ಳುಗಳ ಮೇಲೆ ಈ ಕಾಯ್ದೆ ಬಳಸಲೆಂದೇ ನ್ಯಾಯ ಇಲಾಖೆ 2021ರ ಅಕ್ಟೋಬರ್‌ನಲ್ಲಿ ಅಭಿಯಾನ ಶುರುಮಾಡಿತು. ಕೈತಪ್ಪಿನಿಂದ ಆದದ್ದು ವಂಚನೆಯಲ್ಲ. ಹಾಗಾಗಿ "ಯಾರಿಗೆ, ಯಾವಾಗ ಗೊತ್ತಿತ್ತು" ಎಂಬುದೇ ದೂರಿನ ಜೀವಾಳ.

ಜಿಎಒ ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಲೆಕ್ಕಪರಿಶೋಧಕ ಸಂಸ್ಥೆ. ವಂಚನೆ ದೂರು ಪಡೆಯುವ ಅವರ ಫ್ರಾಡ್‌ನೆಟ್‌ಗೆ ಬರೆಯಬಹುದು, ಆದರೆ ಇಂಥ ದೂರು ಬಹುತೇಕ ಆಯಾ ಇಲಾಖೆಯ ಅಕ್ರಮಗಳ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್‌ಗೇ (ಐಜಿ) ಹೋಗುತ್ತದೆ. ನೇರವಾಗಿ ರಕ್ಷಣಾ ಇಲಾಖೆಯ ಐಜಿ ಹಾಟ್‌ಲೈನಿಗೇ ಕೊಡಿ.

ಅದಕ್ಕೂ ಮೊದಲು ಕಂಪನಿಯಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಅಧಿಕಾರಿಗೆ ಒಂದು ಇಮೇಲ್ ಹಾಕಿದರೂ ಕಾನೂನಿನ ರಕ್ಷಣೆಯಿದೆ, ಉಪಗುತ್ತಿಗೆ ನೌಕರರಿಗೂ. "ಸೆಕ್ಯುರಿಟಿ ಸರಿಯಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. ಗುತ್ತಿಗೆ ಸಂಖ್ಯೆ, ನಿಯಮ 3.5.3, ಯಾವ ಸರ್ವರ್, ಭದ್ರತಾ ಯೋಜನೆಯ ಯಾವ ಪುಟ ಏನನ್ನುತ್ತದೆ, ಅಂಕ ತುಂಬಿದ ದಿನಾಂಕ: ಇಷ್ಟು ಸಾಕು.

ಜನ ಎಡವುವುದು ಸಾಕ್ಷ್ಯ ಕೂಡಿಡುವಾಗ. ನಿರ್ಬಂಧಿತ ನಕ್ಷೆ, ಕಡತಗಳನ್ನು ಪೆನ್‌ಡ್ರೈವ್‌ಗೋ ಸ್ವಂತ ಜಿಮೇಲ್‌ಗೋ ಹಾಕಿಕೊಂಡರೆ ತನಿಖೆ ನಿಮ್ಮ ಕಡೆಗೇ ತಿರುಗೀತು. ಕಡತದ ಹೆಸರು, ಫೋಲ್ಡರು, ದಿನಾಂಕ ಬರೆದಿಟ್ಟುಕೊಳ್ಳಿ; ಹುಡುಕಿ ತೆಗೆಯುವುದು ಐಜಿ ಕೆಲಸ.

ಸರ್ಕಾರದ ಪರವಾಗಿ ನೀವೇ ದಾವೆ ಹೂಡಿ ಗೆದ್ದರೆ ವಸೂಲಾದ ಹಣದಲ್ಲಿ ಸಾಮಾನ್ಯವಾಗಿ 15ರಿಂದ 30 ಪ್ರತಿಶತ ಪಾಲುಂಟು. ಅದಕ್ಕೆ ವಕೀಲರು ಬೇಕು, ದಾವೆ ಕನಿಷ್ಠ 60 ದಿನ ಗುಪ್ತವಾಗಿರುತ್ತದೆ, ಮೊದಲು ಹೂಡಿದವರಿಗಷ್ಟೇ ಅವಕಾಶ. ನೀವು ಈ ಪ್ರಶ್ನೆಯಲ್ಲಿ ಕಂಪನಿ ಹೆಸರು ಹಾಕದೇ ಇದ್ದದ್ದು ಒಳ್ಳೆಯದಾಯ್ತು.

ಉತ್ತರ (ವಲಸೆ ವಕೀಲರು): ಮೇಲಿನದಕ್ಕೆ ಒಂದು ಸೇರ್ಪಡೆ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ ಐಜಿಗೆ ಹೇಳಲು 3 ವರ್ಷ ಸಮಯವಿದೆ; ತನಿಖೆಗೆ ಅವರಿಗಿರುವುದು 180 ದಿನ, ಅದೂ ವಿಸ್ತರಣೆಯಾಗಬಹುದು. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ನ್ಯಾಯ ಸಿಗುವ ಹೊತ್ತಿಗೆ ನೀವು ಬೆಂಗಳೂರಿನಲ್ಲಿರಬೇಕಾದೀತು. ಐ-94 ತಾರೀಕು ಇವತ್ತೇ ನೋಡಿ, ಕಳೆದ ಮೂರು ತಿಂಗಳ ಪೇ ಸ್ಲಿಪ್ ತೆಗೆದಿಡಿ, ವೀಸಾ ವರ್ಗಾಯಿಸಿಕೊಳ್ಳಬಲ್ಲ ಇನ್ನೊಂದು ಕಂಪನಿಯ ಜೊತೆ ಮಾತು ಶುರುಮಾಡಿ. ಆಮೇಲೆ ಇಮೇಲ್.