ಪುಳಿಯೋಗರೆ ಗೊಜ್ಜು ಎರಡೇ ವಾರದಲ್ಲಿ ಬೂಸ್ಟು ಹಿಡಿಯುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ:
ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ರಾತ್ರಿ ತಡವಾಗಿ ಬಂದರೂ ಅನ್ನವೊಂದನ್ನು ಮಾಡಿಕೊಂಡು ಕಲಸಿ ಉಣ್ಣಲಿ ಎಂದು ಗೊಜ್ಜು ಕಳಿಸುತ್ತಿದ್ದೇನೆ. 250 ಗ್ರಾಂ ಹುಣಸೆಹಣ್ಣನ್ನು ನೆನೆಸಿ, ಕಿವುಚಿ, ರಸವನ್ನು ಅರ್ಧ ಗಂಟೆ ಕುದಿಸಿ, ಉಪ್ಪು, ಬೆಲ್ಲ, ಹುರಿದ ಮಸಾಲೆಯ ಪುಡಿ, ಕೊಬ್ಬರಿ, ಎಳ್ಳು, ಕಡಲೆಕಾಯಿ ಬೀಜ ಎಲ್ಲವನ್ನೂ ಸೇರಿಸಿ ಇಳಿಸುತ್ತೇನೆ. ರುಚಿಗೆ ಕೊರತೆಯಿಲ್ಲ, ಆದರೆ ಎರಡು ವಾರವಾಗುವುದರೊಳಗೆ ಮೇಲೆ ಬಿಳಿ ಬೂಸ್ಟು, ಒಳಗೆ ಕಮಟು ವಾಸನೆ. ಅವಳ ಕೋಣೆಯಲ್ಲಿ ಫ್ರಿಜ್ ಇಲ್ಲ.

ಉತ್ತರ 1:
ಬೂಸ್ಟು ಮತ್ತು ಕಮಟು ಬೇರೆ ಬೇರೆ ದೋಷಗಳು. ಮೊದಲನೆಯದು ಗೊಜ್ಜಿನಲ್ಲಿ ಉಳಿದ ನೀರಿನಿಂದ ಬರುತ್ತದೆ. ಎರಡನೆಯದು ಕೊಬ್ಬರಿ, ಎಳ್ಳು, ಕಡಲೆಕಾಯಿಗಳ ಜಿಡ್ಡು ಗಾಳಿಗೆ ಕೆಡುವುದರಿಂದ. ಆದ್ದರಿಂದ ಈ ಮೂರನ್ನೂ ಗೊಜ್ಜಿಗೆ ಹಾಕಲೇಬೇಡಿ. ಹುರಿದ ಕರಿಎಳ್ಳು ಮತ್ತು ಕೊಬ್ಬರಿಯ ಪುಡಿಯನ್ನು ಸ್ವಲ್ಪವೇ ಮಾಡಿ ಬೇರೆ ಡಬ್ಬಿಯಲ್ಲಿ ಕೊಡಿ, ಕಲಸುವಾಗ ಉದುರಿಸಿಕೊಳ್ಳಲಿ.

ಅರ್ಧ ಗಂಟೆ ಎಂಬ ಲೆಕ್ಕವನ್ನೂ ಬಿಡಿ, ಗೊಜ್ಜನ್ನೇ ನೋಡಿ. ರಸ ಮೊದಲು ನೊರೆನೊರೆಯಾಗಿ ಕುದಿಯುತ್ತದೆ. ನೀರು ಇಂಗಿದಂತೆ ಗುಳ್ಳೆಗಳು ದಪ್ಪವಾಗಿ ಕೊತಕೊತನೆ ಒಡೆದು ಕೈಗೆ ಸಿಡಿಯತೊಡಗುತ್ತವೆ. ಅಲ್ಲಿಗೆ ಇಳಿಸಿದರೆ ಅವಸರವಾಯಿತು. ಉರಿ ಸಣ್ಣಗೆ ಮಾಡಿ ಕೈಯಾಡಿಸುತ್ತಿರಿ. ಸೌಟಿನಿಂದ ಗೆರೆ ಎಳೆದರೆ ಬಾಣಲೆಯ ತಳ ಕಂಡು, ಆ ಗೆರೆ ಕೂಡಿಕೊಳ್ಳಲು ತಡವಾಗಬೇಕು, ಅಂಚಿನಲ್ಲಿ ಎಣ್ಣೆ ಬಿಟ್ಟಿರಬೇಕು. ನಿಮ್ಮ ಅಳತೆಗೆ ಸುಮಾರು 200 ಮಿಲಿಲೀಟರ್ ಎಳ್ಳೆಣ್ಣೆ ಬೇಕಾಗುತ್ತದೆ. ಎಣ್ಣೆಗೆ ಕೈ ಹಿಡಿದರೆ ಗೊಜ್ಜು ಬಾಳುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿಯಾಗಿದೆ. ನೆನೆಸುವ ನೀರೇ ಕಡಿಮೆಯಿದ್ದರೆ ಕುದಿಸುವ ಕಷ್ಟವೂ ಕಡಿಮೆ. ಹುಣಸೆ ಮುಳುಗುವಷ್ಟು ಬಿಸಿನೀರು ಸಾಕು. ಒಗ್ಗರಣೆಯ ಕರಿಬೇವನ್ನು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಎಣ್ಣೆಯಲ್ಲಿ ಗರಿಗರಿಯಾಗುವವರೆಗೆ ಹುರಿಯಿರಿ. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ ಪಾತ್ರೆ, ಕಲಾಯಿಯಿಲ್ಲದ ಹಿತ್ತಾಳೆ ಎರಡೂ ಬೇಡ. ಗೊಜ್ಜು ಪೂರ್ತಿ ಆರುವ ಮೊದಲೇ ಮುಚ್ಚಳ ಹಾಕಿದರೆ ಆವಿ ಹನಿಯಾಗಿ ಬಿದ್ದು, ಅಷ್ಟು ಹೊತ್ತು ಇಂಗಿಸಿದ ನೀರನ್ನು ನಾವೇ ಮರಳಿಸಿದಂತಾಗುತ್ತದೆ. ಬಿಸಿಲಿಗಿಟ್ಟು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಮೇಲೆ ಒಂದು ಪದರ ಎಣ್ಣೆ ನಿಲ್ಲಿಸಿ. ಮಗಳಿಗೆ ಒಣ ಚಮಚವನ್ನೇ ಬಳಸಲು ಹೇಳಿ. ಬೂಸ್ಟು ಬಂದ ಬಾಟಲಿಯನ್ನು ಮೇಲಷ್ಟೇ ತೆಗೆದು ತಿನ್ನಬಾರದು, ಪೂರ್ತಿ ಚೆಲ್ಲಬೇಕು. ಫ್ರಿಜ್ ಇಲ್ಲದಿರುವುದರಿಂದ ಒಂದೇ ದೊಡ್ಡ ಬಾಟಲಿಯ ಬದಲು ಎರಡು ಮೂರು ಚಿಕ್ಕವನ್ನು ಕಳಿಸುವುದು ಮೇಲು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಾನು ಗುಳ್ಳೆ ಸಿಡಿಯುವಾಗಲೇ ಇಳಿಸುತ್ತಿದ್ದೆ, ಬಿಸಿಯಲ್ಲೇ ಮುಚ್ಚಿಯೂ ಬಿಡುತ್ತಿದ್ದೆ. ಒಂದು ಪಾವು ಅಕ್ಕಿಯ ಅನ್ನಕ್ಕೆ ಎಷ್ಟು ಗೊಜ್ಜು ಎಂದು ಹೇಳಲಿ?

ಉತ್ತರ 1:
ಮೂರು ದೊಡ್ಡ ಚಮಚದಿಂದ ಆರಂಭಿಸಲಿ. ಅನ್ನವನ್ನು ತಟ್ಟೆಯಲ್ಲಿ ಹರಡಿ, ಒಂದು ಚಮಚ ಎಣ್ಣೆ ಹಾಕಿ ಆರಿಸಿ, ಆಮೇಲೆ ಕಲಸಲಿ. ಬಿಸಿ ಅನ್ನಕ್ಕೆ ಕಲಸಿದರೆ ಮುದ್ದೆಯಾಗುತ್ತದೆ. ಕಲಸಿ ಅರ್ಧ ಗಂಟೆ ಬಿಟ್ಟರೆ ಹುಳಿ ಅಗುಳಿನೊಳಗೆ ಇಳಿಯುತ್ತದೆ, ಅಷ್ಟರಲ್ಲಿ ಅವಳ ಸ್ನಾನವೂ ಮುಗಿದಿರುತ್ತದೆ.