ಸಹಾಯ ಬೇಕು: ಕೆಲಸದ ಅಭದ್ರತೆಯಿಂದ ಕುಗ್ಗಿರುವ ತಮ್ಮನಿಗೆ ಸಲಹೆ ಕೋರಿ

ಮಾನ್ಯರೇ, ಬಳ್ಳಾರಿ ಸಮೀಪದ ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಮೂಲಕ ಆರು ವರ್ಷಗಳಿಂದ ದುಡಿಯುತ್ತಿರುವ ನನ್ನ ತಮ್ಮನ ಗೇಟ್ ಪಾಸ್ ಈಗ ಮೂರು ತಿಂಗಳಿಗೊಮ್ಮೆ ನವೀಕರಣವಾಗುತ್ತಿದ್ದು, ಅವಧಿ ಮುಗಿಯುವ ವಾರ ಬಂತೆಂದರೆ ಅವನಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ಬುತ್ತಿಯನ್ನು ಬಿಚ್ಚದೆ ಹಾಗೆಯೇ ಇಟ್ಟು, ಸೂಪರ್‌ವೈಸರ್ ಕರೆ ಬಂದೀತೆಂದು ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಾನೆ. ಕುಡಿತಕ್ಕೆ ಬಿದ್ದಿರಬೇಕೆಂದು ಮೊದಲು ಗದರಿದವಳು ನಾನೇ. ಈಗ ರಕ್ತದೊತ್ತಡವೂ ಏರಿದೆ. ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಟೆಲಿ ಮಾನಸ್‌ನ 14416 ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂದು ಹೇಳಿದರೂ, ವಿಷಯ ಗುತ್ತಿಗೆದಾರರ ಕಿವಿಗೆ ಬಿದ್ದರೆ ಇರುವ ಕೆಲಸವೂ ಹೋದೀತೆಂದು ಹಿಂಜರಿಯುತ್ತಾನೆ. ಇಂತಹ ಸ್ಥಿತಿಯಲ್ಲಿ ಆ ಸಹಾಯವಾಣಿಗೆ ಕರೆ ಮಾಡಿದವರು ಅಥವಾ ಇಎಸ್‌ಐ ಕಾರ್ಡಿನ ಮೇಲೆ ಮನೋವೈದ್ಯರನ್ನು ಕಂಡವರು ಯಾರಾದರೂ ಇದ್ದರೆ, ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕೆಂದು ವಿನಂತಿ.